ಬಿ ಬಿಲ್ಡಿಂಗಿನ ಸ್ವಾಯತ್ತತೆ

ಹೊಳಬಸಪ್ಪನವರಿಗೆ ರವಿವಾರ ಮಧ್ಯಾಹ್ನದ ನಿದ್ದೆ ಸಂವಿಧಾನದಷ್ಟೇ ಪವಿತ್ರ. ಸಂವಿಧಾನಕ್ಕಾದರೂ ಆಗಾಗ ತಿದ್ದುಪಡಿಯಾಗಿದೆ, ಆ ನಿದ್ದೆಗೆ ಆದದ್ದಿಲ್ಲ. ಪಿಂಪ್ರಿ-ಚಿಂಚವಾಡದ ಕಾರ್ಖಾನೆಯೊಂದರ ಮಶೀನ್ ಶಾಪಿನಲ್ಲಿ ಮೂರೂ ಪಾಳಿ ದುಡಿದು, ಜೊತೆಗೆ ಯೂನಿಯನ್ನಿನ ಡೆಲಿಗೇಟ್ ಆಗಿ ಮ್ಯಾನೇಜರುಗಳ ತಲೆ ತಿಂದು ನಿವೃತ್ತರಾದ ಮನುಷ್ಯ. ಜೋಳದ ರೊಟ್ಟಿ, ಎಣಗಾಯಿ, ಮೇಲೊಂದು ಲೋಟ ಮಜ್ಜಿಗೆ ಮುಗಿಸಿ ಹಾಸಿಗೆಗೆ ಅಡ್ಡಾದರೆಂದರೆ ಸಂಜೆಯ ಚಹಾದವರೆಗೆ ಪುಣೆಯ ನಮ್ಮ ಖರಾಡಿ ಬಡಾವಣೆಯ ಆಕಾಶ ಕಳಚಿ ಬಿದ್ದರೂ ಅವರಿಗೆ ಎಚ್ಚರವಾಗುತ್ತಿರಲಿಲ್ಲ. ಎಬ್ಬಿಸುವ ತಾಕತ್ತು ಇದ್ದದ್ದು ಎದುರು ಮನೆಯ ಹಾರ್ಮೋನಿಯಂ ಒಂದಕ್ಕೇ. ಅದರ ಕತೆಗೆ ಆಮೇಲೆ ಬರುತ್ತೇನೆ. ಮೊದಲು ಇವರು ಆಳುತ್ತಿದ್ದ ರಾಜ್ಯದ ಪರಿಚಯವಾಗಬೇಕು.

ನಮ್ಮ ಪಾರಿಜಾತ ಪ್ರಾಂಗಣದಲ್ಲಿ ಮೂರು ಬಿಲ್ಡಿಂಗುಗಳು. ಪ್ರತಿಯೊಂದಕ್ಕೂ ತನ್ನದೇ ಸೊಸೈಟಿ, ತನ್ನದೇ ಚೇರ್ಮನ್, ತನ್ನದೇ ಕಮಿಟಿ. ಮೂರರ ತಲೆಯ ಮೇಲೆ ಒಂದು ಫೆಡರೇಶನ್. ಗೇಟು, ತೋಟ, ಕ್ಲಬ್ ಹೌಸು, ನೀರಿನ ಟ್ಯಾಂಕರು ಎಲ್ಲ ಅದರ ಸುಪರ್ದಿಗೆ. ಪುಣೆಯ ದೊಡ್ಡ ಕಾಂಪ್ಲೆಕ್ಸುಗಳು ಹೆಚ್ಚಾಗಿ ಹೀಗೆಯೇ ನಡೆಯುತ್ತವೆ, ನಮ್ಮಂಥವರಿಗೆ ಅದು ಮೆಂಟೆನನ್ಸಿನ ತಲೆನೋವು ಅಷ್ಟೇ. ಹೊಳಬಸಪ್ಪನವರಿಗೆ ಮಾತ್ರ ಅದು ಸಾಕ್ಷಾತ್ ಭಾರತ ದೇಶ. ಫೆಡರೇಶನ್ ಎಂದರೆ ದಿಲ್ಲಿ. ನಮ್ಮ ಎ ಬಿಲ್ಡಿಂಗು ದಿಲ್ಲಿ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ರಾಜ್ಯ. ಸಿ ಬಿಲ್ಡಿಂಗು ಅನುದಾನ ಸಾಲದೆಂದು ಸದಾ ಅಳುವ ರಾಜ್ಯ. ಬಿ ಬಿಲ್ಡಿಂಗು ಸ್ವಾಭಿಮಾನದ ರಾಜ್ಯ, ಏಕೆಂದರೆ ಅದರ ಚೇರ್ಮನ್ ಸ್ವತಃ ಇವರು.

ಇದೆಲ್ಲ ನನಗೆ ಬೆಳಗಿನ ವಾಕಿಂಗಿನಲ್ಲಿ ಸಿಕ್ಕ ಜ್ಞಾನ. ನನ್ನ ಹೆಸರು ಇಂದೂ, ಧಾರವಾಡದವಳು, ಎ ಬಿಲ್ಡಿಂಗಿನಲ್ಲಿದ್ದೇನೆ. ಹೊಳಬಸಪ್ಪನವರ ಹೆಂಡತಿ ಶಿವಗಂಗವ್ವ ನನ್ನ ವಾಕಿಂಗಿನ ಜೊತೆಗಾತಿ. ನಾವಿಬ್ಬರೂ ಸೊಪ್ಪು-ಸೊಸೆಯರ ವಿಚಾರ ಮಾತಾಡುತ್ತ ಹೋಗುವಾಗ ಅವರು ಸ್ವಲ್ಪ ಮುಂದೆ ನಡೆಯುತ್ತ, ಹೆಗಲ ಮೇಲಿಂದ ಹಿಂದೆ ತಿರುಗಿ ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ ಎಂದು ಪಾಠ ಮಾಡುತ್ತಿದ್ದರು. ಬೆಳಗಾವಿ ಕಡೆಯವರಿಗೆ ಈ ಹುಚ್ಚು ಹುಟ್ಟಿನಿಂದಲೇ ಬರುತ್ತದೆಂದು ನನ್ನ ಅನುಮಾನ. ಎರಡು ರಾಜ್ಯಗಳು ನಮ್ಮದು ನಮ್ಮದು ಎಂದು ಜಗ್ಗಾಡುವ ನೆಲದಲ್ಲಿ ಹುಟ್ಟಿ, ಒಂದರ ಭಾಷೆ ಮನೆಯಲ್ಲೂ ಇನ್ನೊಂದರದು ಬಸ್ ಸ್ಟ್ಯಾಂಡಿನಲ್ಲೂ ಆಡುತ್ತ ಬೆಳೆದವರು. ಗಡಿ, ಅಧಿಕಾರ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅವರ ಮಂಡಿನೋವು ಮಾಯವಾಗುತ್ತದೆ.

ಎರಡು ವರ್ಷದ ಹಿಂದೆ ಫೆಡರೇಶನ್ ಒಂದು ಸುತ್ತೋಲೆ ಹೊರಡಿಸಿತು. ಸಿ ಬಿಲ್ಡಿಂಗಿನವರ ದೇವಿ ಜಾಗರಣೆಯ ಲೌಡ್ ಸ್ಪೀಕರಿನ ಮೇಲೆ ನಮ್ಮ ಎ ಬಿಲ್ಡಿಂಗಿನವರು ದೂರಿದ್ದರು, ನಮ್ಮ ಸತ್ಯನಾರಾಯಣ ಕಥೆಯ ಮೈಕಿನ ಮೇಲೆ ಸಿ ಬಿಲ್ಡಿಂಗಿನವರು ದೂರಿದ್ದರು. ಫೆಡರೇಶನ್ನಿನ ಕಾರ್ಯದರ್ಶಿ ಋಷಿಕೇಶ, ಐಟಿ ಪಾರ್ಕಿನಲ್ಲಿ ಮ್ಯಾನೇಜರ್, ಎಂಥ ಸಮಸ್ಯೆಯನ್ನೂ ವಾಟ್ಸಾಪಿನಲ್ಲಿ ಮುಗಿಸಬಹುದೆಂದು ನಂಬಿದ ಹುಡುಗ. ಅವನು ಬರೆದ: ಇನ್ನು ಮುಂದೆ ಯಾವುದೇ ಧಾರ್ಮಿಕ ಕಾರ್ಯಕ್ರಮಕ್ಕೆ, ಅದು ಮನೆಯ ಒಳಗಿದ್ದರೂ, ಫೆಡರೇಶನ್ನಿನ ಅನುಮತಿ ಬೇಕು.

ಹೊಳಬಸಪ್ಪನವರಿಗೆ ಯೌವನ ಮರಳಿ ಬಂತು. ಫೆಡರೇಶನ್ ಆಫೀಸಿಗೆ ಹೋಗಿ ಬೆಳಗಾವಿ ಮರಾಠಿಯಲ್ಲಿ ಗುಡುಗಿದರು. ಅದನ್ನು ನಮಗೆ ವಾಕಿಂಗಿನಲ್ಲಿ ಕನ್ನಡದಲ್ಲಿ, ಇನ್ನಷ್ಟು ಖಾರ ಬೆರೆಸಿ ಹೇಳಿದರು.

"ಗೇಟ ನಿಮ್ದು, ತ್ವಾಟ ನಿಮ್ದು, ಟ್ಯಾಂಕರ ನಿಮ್ದು. ಆದ್ರ ನಮ್ಮ ಬಿಲ್ಡಿಂಗಿನಾಗ ಯಾರ ಮನ್ಯಾಗ ಯಾರು ಯಾವ ದೇವರಿಗೆ ಕೈ ಮುಗೀತಾರ ಅಂತ ಕೇಳಾಕ ನೀವು ಯಾರು ಅಂದೆ. ಆ ಹುಡ್ಗ ಬಾಯಿ ಮುಚ್ಚಿ ಕೂತ ನೋಡ್ರಿ!"

ಮುಂದೆ ತಿಂಗಳುಗಟ್ಟಲೆ ಮೀಟಿಂಗು. ಉಳಿದೆರಡು ಬಿಲ್ಡಿಂಗಿನ ಚೇರ್ಮನ್ನರನ್ನೂ ಚಹಾ ಕುಡಿಸಿ ಕುಡಿಸಿ ತಮ್ಮ ಕಡೆ ಮಾಡಿಕೊಂಡರು. ಕಡೆಗೆ ಒಪ್ಪಂದವಾಯಿತು: ಹೊರಗಿನದು ಫೆಡರೇಶನ್ನಿನದು, ಬಿಲ್ಡಿಂಗಿನ ಒಳಗಿನದು ಆಯಾ ಬಿಲ್ಡಿಂಗಿನದು, ಯಾವುದೇ ಪರಿಸ್ಥಿತಿಯಲ್ಲೂ ಫೆಡರೇಶನ್ ಒಳಗಿನ ವಿಷಯಕ್ಕೆ ಕೈ ಹಾಕತಕ್ಕದ್ದಲ್ಲ. ಕೊನೆಯ ಆ ವಾಕ್ಯವನ್ನು ಹಟ ಹಿಡಿದು ಸೇರಿಸಿದವರು ಇವರೇ. ಆ ದಿನ ಬಿ ಬಿಲ್ಡಿಂಗಿನ ಮನೆ ಮನೆಗೂ ಬೆಳಗಾವಿಯ ಕುಂದಾ ಹೋಯಿತು. ನಮ್ಮ ಮನೆಗೂ ಬಂತು, ಪರರಾಜ್ಯದವರಾದರೂ.

ಅಧಿಕಾರ ಬಂತು. ಬಂದ ಅಧಿಕಾರದಿಂದ ಒಂದು ನಿಯಮವನ್ನಾದರೂ ಮಾಡದಿದ್ದರೆ ಅದು ಬಂದಿದೆ ಎಂದು ಜನಕ್ಕೆ ಗೊತ್ತಾಗುವುದು ಹೇಗೆ? ಹೊಳಬಸಪ್ಪನವರು ನಿಯಮ ಬರೆಯಲು ಕೂತರು.

ಇಲ್ಲಿ ಅವರ ಪೂಜೆಯ ಬಗ್ಗೆ ಹೇಳಲೇಬೇಕು. ದಿನಾ ಸ್ನಾನವಾದ ಮೇಲೆ ಹಣೆಗೆ ವಿಭೂತಿ ಹಚ್ಚಿ, ಕೊರಳಲ್ಲಿರುವ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು, ಎಡ ಅಂಗೈಯಲ್ಲಿಟ್ಟುಕೊಂಡು ಕೂರುತ್ತಾರೆ. ಗಂಟೆ ಇಲ್ಲ, ಜಾಗಟೆ ಇಲ್ಲ, ಪೂಜಾರಿ ಇಲ್ಲ. ಪಕ್ಕದಲ್ಲಿ ಕುಕ್ಕರ್ ಸೀಟಿ ಹೊಡೆದರೂ ಕಣ್ಣು ಕದಲುವುದಿಲ್ಲ. ಮುಗಿದ ಮೇಲೆ ದೇವರು ಮತ್ತೆ ಕರಡಿಗೆಯೊಳಕ್ಕೆ, ಕರಡಿಗೆ ಅಂಗಿಯೊಳಕ್ಕೆ. "ನಮ್ಮ ದೇವರಿಗೆ ಪಾರ್ಕಿಂಗ್ ಸೈತ ಬೇಕಿಲ್ಲ ನೋಡ್ರಿ" ಎಂದು ಹೆಮ್ಮೆಪಡುತ್ತಿದ್ದರು. ಆ ಹೆಮ್ಮೆಯಲ್ಲೇ ಬರೆದ ನಿಯಮ ಹೀಗಿತ್ತು: ಜಾತಿ ಧರ್ಮಗಳ ಭೇದವಿಲ್ಲದೆ ಎಲ್ಲರಿಗೂ ತಮ್ಮ ಮನೆಯಲ್ಲಿ ತಮ್ಮ ದೇವರನ್ನು ಪೂಜಿಸುವ ಪೂರ್ಣ ಸ್ವಾತಂತ್ರ್ಯವಿದೆ, ಹೊರಗಿನವರನ್ನು ಕರೆಸಿ ಧಾರ್ಮಿಕ ಕಾರ್ಯಕ್ರಮ ಮಾಡುವುದಾದರೆ ಮಾತ್ರ ಬಿಲ್ಡಿಂಗ್ ಕಮಿಟಿಯ ಅನುಮತಿ ಪಡೆಯಬೇಕು. ಪೂರ್ಣ ಸ್ವಾತಂತ್ರ್ಯ ಎಂಬಲ್ಲಿ ಅವರ ಕಣ್ಣು ಒದ್ದೆಯಾಗಿತ್ತೆಂದು ಶಿವಗಂಗವ್ವ ಹೇಳಿದ್ದಳು. ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಎದುರು ಮನೆಯ ಶೈಲಾ ಸಾಳವೆ ಕೂಡ ತಟ್ಟಿದಳು.

ಈಗ ಹಾರ್ಮೋನಿಯಂ. ಶೈಲಾ ಶಿರೂರಿನವಳು, ಹತ್ತಿರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಹೆಸರಾಗಲಿ ಸೀರೆಯಾಗಲಿ ಭಾಷೆಯಾಗಲಿ ಅವಳು ಕ್ರೈಸ್ತಳೆಂದು ಹೇಳುವುದಿಲ್ಲ. ಪುಣೆ ಜಿಲ್ಲೆಯ ಆ ಕಡೆ ಅಂಥ ಮರಾಠಿ ಕ್ರೈಸ್ತ ಮನೆತನಗಳು ಎಷ್ಟೋ ಇವೆ. ಅವಳ ತಾಯಿಗೆ, ನಾವೆಲ್ಲ ಆಯಿ ಎನ್ನುತ್ತೇವೆ, ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋಗಿದೆ. ಆಯಿ ಚರ್ಚಿಗೆ ಹೋಗಲಾರದ್ದರಿಂದ ರವಿವಾರ ಮಧ್ಯಾಹ್ನ ಶಿರೂರಿನ ಬಂಧುಗಳು ಎಸ್‌ಟಿ ಬಸ್ಸಿನಲ್ಲಿ ಬರುತ್ತಿದ್ದರು, ಕೈಯಲ್ಲಿ ಪೇರಲೆ ಹಣ್ಣಿನ ಚೀಲ, ಒಂದು ಹಾರ್ಮೋನಿಯಂ, ಒಂದು ಜೊತೆ ತಾಳ. ಆಯಿಯ ಮಂಚದ ಸುತ್ತ ಕೂತು ಮರಾಠಿಯಲ್ಲಿ ಭಜನೆ ಹೇಳುತ್ತಿದ್ದರು. ಧಾಟಿ ಥೇಟು ನಮ್ಮ ಭಜನೆಗಳದೇ. ಶಿವಗಂಗವ್ವ ಹೊಸ್ತಿಲಲ್ಲಿ ಕೂತು ಮೆಂತ್ಯ ಸೊಪ್ಪು ಸೋಸುತ್ತ ತಾಳ ಹಾಕುತ್ತಿದ್ದಳು. ಒಳಗೆ ಹೊಳಬಸಪ್ಪನವರು ತಲೆಯ ಮೇಲೆ ದಿಂಬು ಒತ್ತಿಕೊಂಡು ಒದ್ದಾಡುತ್ತಿದ್ದರು. ಬಾಯಿಬಿಟ್ಟು ಒಂದು ಮಾತೂ ಆಡಿದವರಲ್ಲ, ಅಷ್ಟು ದೊಡ್ಡತನ ಅವರಿಗಿದೆ.

ನಿಯಮ ಬಂದ ಮೇಲೆ ಶೈಲಾ ಅರ್ಜಿ ಕೊಟ್ಟಳು. ಅರ್ಜಿ ಹೋದದ್ದು ವೈಸ್ ಚೇರ್ಮನ್ ಮಾರ್ತಾಂಡ ಕುಲಕರ್ಣಿಯವರ ಕೈಗೆ. ಕೆಟ್ಟ ಮನುಷ್ಯರೇನಲ್ಲ. ಸಂಕ್ರಾಂತಿಗೆ ಎಲ್ಲರಿಗಿಂತ ಮೊದಲು ಶೈಲಾಳ ಮನೆಗೇ ತಿಳಗುಳದ ಎಳ್ಳುಂಡೆ ಕಳಿಸುವವರು. ಆದರೆ ಅರ್ಜಿಯ ಮೇಲೆ "ವಿಚಾರಾಧೀನ" ಎಂದು ಬರೆದು ಇಟ್ಟುಕೊಂಡರು. "ಯಾರ್ಯಾರೋ ಬರುತ್ತಾರೆ ಕಾಕಾ, ಇಂದು ಹಾಡು ಅಂತಾರೆ, ನಾಳೆ ಏನಂತಾರೋ. ನೋಡೋಣ, ಅವಸರ ಏನು?" ಎಂದು ಹೊಳಬಸಪ್ಪನವರಿಗೆ ಹೇಳಿದರು. ಇಲ್ಲ ಎನ್ನಲಿಲ್ಲ, ಹೂಂ ಎನ್ನಲಿಲ್ಲ. ಕಮಿಟಿಯ ಹೆಚ್ಚಿನವರೂ ಅವರ ಕಡೆಗೇ, ಚೇರ್ಮನ್ ಒಬ್ಬರೇ ಪಾಸು ಮಾಡುವಂತಿರಲಿಲ್ಲ. ಶಿರೂರಿನವರು ಬರುವುದು ನಿಂತಿತು. ಹೊಳಬಸಪ್ಪನವರು ಪ್ರಕ್ರಿಯೆ ನಡೆದಿದೆ, ನಡೆಯಲಿ ಎಂದುಕೊಂಡರು. ರವಿವಾರದ ನಿದ್ದೆಯೂ ಭಾಳ ಸೊಗಸಾಗಿ ಬರತೊಡಗಿತ್ತೆಂಬುದನ್ನು ನಾನು ಇಲ್ಲಿ ಹೇಳದೆ ಬಿಡಲಾರೆ.

ಹೀಗಿರುವಾಗ ಅವರ ಮಗಳು ಪೂರ್ವಾ ಚೊಚ್ಚಲ ಬಾಣಂತನಕ್ಕೆ ಚಿಂಚವಾಡದಿಂದ ತವರಿಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಶ್ರಾವಣದಲ್ಲಿ ಒಂದು ಸೋಮವಾರ ತೊಟ್ಟಿಲು ಹಾಕಿ, ಊರ ಕಡೆಯಿಂದ ಅಯ್ಯನವರನ್ನು ಕರೆಸಿ ಕೂಸಿಗೆ ಲಿಂಗಧಾರಣೆ ಮಾಡಿಸುವುದೆಂದು ಗೊತ್ತಾಯಿತು. ಪಿಂಪ್ರಿ-ಚಿಂಚವಾಡದ ಹಳೆಯ ಗೆಳೆಯರು, ಅಳಿಯನ ಕಡೆಯವರು, ಎಲ್ಲರೂ ಬರುವವರು. ಹೊಳಬಸಪ್ಪನವರು ನಿಯಮವಂತರು. ತಮ್ಮದೇ ನಿಯಮದ ಪ್ರಕಾರ ತಮ್ಮದೇ ಕಮಿಟಿಗೆ ಅರ್ಜಿ ಬರೆದು, ತಮ್ಮ ಕುರ್ಚಿಯಿಂದ ಎದ್ದು ಹೊರಗೆ ನಿಂತರು. ಅವರು ಚಪ್ಪಲಿ ಮೆಟ್ಟುವಷ್ಟರಲ್ಲಿ ಒಳಗಿನಿಂದ ಮಾರ್ತಾಂಡರ ನಗು ಕೇಳಿತು.

"ಕಾಕಾ, ಒಳಗೆ ಬನ್ನಿ! ಇದಕ್ಕೇನು ಅರ್ಜಿ? ಹಾ ತರ್ ಘರ್ಚಾ ಕಾರ್ಯಕ್ರಮ! ಮನೆಯ ಕಾರ್ಯ, ಧಾರ್ಮಿಕ ಎಲ್ಲಿ ಬಂತು? ಪೇಢೆ ಯಾವಾಗ ಅದನ್ನ ಹೇಳಿ."

ಹೊಳಬಸಪ್ಪನವರು ಕುಣಿಯುತ್ತ ಮನೆಗೆ ಬಂದು ಹೆಂಡತಿಗೆ ಸುದ್ದಿ ಹೇಳಿದರು. ನಾನು ಅಲ್ಲೇ ಕೂತು ಬಾಣಂತಿಗೆಂದು ಅಂಟಿನುಂಡೆ ಕಟ್ಟುತ್ತಿದ್ದೆ. ಶಿವಗಂಗವ್ವ ಕೈಯಲ್ಲಿದ್ದ ಉಂಡೆಯನ್ನು ಪರಾತಕ್ಕೆ ಹಾಕಿಬಿಟ್ಟಳು.

"ಏನಂದ್ರು? ಧರ್ಮದ್ದಲ್ಲಂತ? ಹಂಗಂದ್ರ ಕೂಸಿಗೆ ಲಿಂಗ ಕಟ್ಟೂದು ಏನ್ರಿ ಮತ್ತ, ತೊಗರಿ ಬ್ಯಾಳಿ ಹಸನ ಮಾಡೂದೇನು?"

"ಅಲ್ಲ, ಅವರು ಪ್ರೀತಿಲೆ ಅಂದ್ರ..."

"ನಮ್ದು ಒಂದ ಗಳಿಗ್ಯಾಗ ಮನೀ ಕೆಲಸ ಆತು. ಆಯಿದು ಯಾಕ ಇನ್ನೂ ಧರ್ಮನ ಉಳದದ? ಗೊತ್ತದ ಏನ ನಿಮಗ, ರವಿವಾರಕ್ಕೊಮ್ಮಿ ಆ ಮುದುಕಿ ಇಸ್ತ್ರಿ ಮಾಡಿದ ಬಿಳೀ ಸೀರಿ ಉಡಿಸು ಅಂತ ಮಗಳಿಗೆ ಗಂಟು ಬೀಳ್ತಾಳ. ಬಾಗಲಾ ತಗದಿಡು ಅಂತಾಳ. ಶಿರೂರ ಬಸ್ ಬಂತೇನು ಅಂತ ನನ್ನ ಕೇಳ್ತಾಳ. ಏನ ಹೇಳ್ಲಿ ನಾ ಆಕಿಗೆ? ನಮ್ಮ ಯಜಮಾನ್ರು ಮಲಗ್ಯಾರ ಅಂತ ಹೇಳ್ಲೇನು?"

ಹೊಳಬಸಪ್ಪನವರ ಮುಖ ಇಳಿಯಿತು. ಆದರೂ ಡೆಲಿಗೇಟ್ ಸುಮ್ಮನಾಗುವವನೇ? "ಪೂಜಾ ಮಾಡಬ್ಯಾಡ ಅಂತ ಯಾರರ ಅಂದಾರೇನು? ಮನ್ಯಾಗ ಒಬ್ಬಾಕಿ ಕೂತು ಬೇಕಾದಷ್ಟು ಪ್ರಾರ್ಥನಾ ಮಾಡ್ಲಿ. ನಾ ಮಾಡೂದಿಲ್ಲೇನು?" ಎಂದು ಅಂಗಿಯ ಮೇಲಿಂದಲೇ ಕರಡಿಗೆ ಮುಟ್ಟಿಕೊಂಡರು.

"ನಿಮ್ಮ ಕೈಯಾಗ ಆ ಲಿಂಗ ತಾನ ಬಂತೇನ್ರಿ?" ಎಂದಳು ಶಿವಗಂಗವ್ವ. ದನಿ ಇಳಿದಿತ್ತು, ಅದೇ ಹೆಚ್ಚು ಭಯ. "ನಿಮಗ ಯಾರು ಕಟ್ಟಿದ್ರು? ಅಯ್ನೋರು ಬಂದಿದ್ರು, ಓಣಿಗೆ ಓಣಿನ ಬಂದಿತ್ತು, ನಿಮ್ಮವ್ವ ಇದ್ದಷ್ಟು ದಿನ ಹೇಳಿದ್ಲು. ಮಂದಿ ಕೂಡಿ ಕಟ್ಟಿದ್ದಕ್ಕ ಈಗ ನೀವು ಒಬ್ರ ಕೂತು ನೋಡ್ತೀರಿ. ಆಕೀದು ಮಂದಿ ಕೂಡಿದ್ರನ ಪೂಜಾ. ಅದನ್ನ ಬಂದ್ ಮಾಡಿ, ಸ್ವಾತಂತ್ರ್ಯ ಅದ ಅಂತ ಕಣ್ಣಾಗ ನೀರು ತರ್ತೀರಿ. ಕೇಳ್ರಿಲ್ಲೆ, ಆ ಮನ್ಯಾಗ ಹಾಡು ಆಗೂತನಾ ಈ ಮನ್ಯಾಗ ತೊಟ್ಟಲಾ ತೂಗೂದಿಲ್ಲ."

ನಾನು ಉಂಡೆ ಕಟ್ಟುವುದನ್ನು ಬಿಟ್ಟು ನೆಲ ನೋಡುತ್ತಿದ್ದೆ. ಆ ನಿಯಮ ಓದಿ ನಾನೂ ಎಷ್ಟು ಸರಿಯಾಗಿದೆ ಎಂದಿದ್ದವಳು. ಪಾಪ, ಹೊಳಬಸಪ್ಪನವರು ಮೋಸ ಮಾಡಿದವರಲ್ಲ. ತಮ್ಮ ದೇವರು ಅಂಗೈಯಲ್ಲಿ ಹಿಡಿಸುತ್ತಾನಾದ್ದರಿಂದ ಎಲ್ಲರ ದೇವರೂ ಹಿಡಿಸುತ್ತಾರೆಂದು ಪ್ರಾಮಾಣಿಕವಾಗಿ ನಂಬಿದ್ದರು.

ಮರುದಿನ ಅವರು ಮಾಡಿದ ಮೊದಲ ಕೆಲಸ ನೆನೆದರೆ ಈಗಲೂ ನನಗೆ ನಗು ಬರುತ್ತದೆ. ದಿಲ್ಲಿಗೆ ಹೋದರು! ಒಪ್ಪಂದವಾದಾಗಿನಿಂದ ಫೆಡರೇಶನ್ ಆಫೀಸಿನ ಮೆಟ್ಟಿಲು ಹತ್ತದವರು ಋಷಿಕೇಶನ ಮುಂದೆ ಕೂತು, ಬಿ ಬಿಲ್ಡಿಂಗಿನಲ್ಲಿ ಅನ್ಯಾಯವಾಗುತ್ತಿದೆ, ನೀವು ಮಧ್ಯೆ ಬರಬೇಕು ಎಂದು ಕೇಳಿದರು. ಋಷಿಕೇಶ ಲ್ಯಾಪ್‌ಟಾಪ್ ತೆರೆದು ಒಪ್ಪಂದ ಹುಡುಕಿದ. ಸಭ್ಯ ಹುಡುಗ, ನಗು ತಡೆದುಕೊಂಡೇ ಓದಿದ: ಯಾವುದೇ ಪರಿಸ್ಥಿತಿಯಲ್ಲೂ ಫೆಡರೇಶನ್ ಒಳಗಿನ ವಿಷಯಕ್ಕೆ ಕೈ ಹಾಕತಕ್ಕದ್ದಲ್ಲ.

"ಅಂಕಲ್, ಈ ಲೈನ್ ಬೇಡ ಅಂತ ನಾನು ಅವತ್ತು ಕೈ ಮುಗಿದು ಹೇಳಿದ್ದೆ," ಎಂದ.

ಹೊಳಬಸಪ್ಪನವರು ಎದ್ದು ಬಂದರು. "ತಮ್ಮ ಕಾಲ ಮ್ಯಾಲೆ ತಾವ ಕಲ್ಲು ಹಾಕ್ಕೊಂಡು ಬಂದಾರ" ಎಂದು ಶಿವಗಂಗವ್ವ ನನಗೆ ಫೋನಿನಲ್ಲಿ ವರದಿ ಕೊಟ್ಟಳು. ಅವಳ ದನಿಯಲ್ಲಿ ಕನಿಕರವಿತ್ತು, ಸ್ವಲ್ಪ ಖುಷಿಯೂ ಇತ್ತು.

ಆದರೆ ಕಾರ್ಖಾನೆಯಲ್ಲಿ ಅವರು ಕಲಿತದ್ದು ಬರೀ ಭಾಷಣವಲ್ಲ. ಮ್ಯಾನೇಜ್‌ಮೆಂಟು ಜಗ್ಗದಿದ್ದಾಗ ಮುಷ್ಕರ ಹೂಡದೆ ಬಗ್ಗಿಸುವ ಒಂದು ಉಪಾಯ ಕಾರ್ಮಿಕರಿಗೆ ಗೊತ್ತಿದೆ: ನಿಯಮದಲ್ಲಿ ಹೇಗಿದೆಯೋ ಹಾಗೇ ಕೆಲಸ ಮಾಡುವುದು. ಒಂದು ಬೋಲ್ಟ್ ಬಿಗಿಯುವುದಕ್ಕೂ ಪುಸ್ತಕದಲ್ಲಿ ಬರೆದಷ್ಟು ಪರೀಕ್ಷೆ, ಪ್ರತಿಯೊಂದಕ್ಕೂ ಸಹಿ. ಸಂಜೆಯೊಳಗೆ ಕಾರ್ಖಾನೆ ತಾನಾಗಿ ನಿಲ್ಲುತ್ತದೆ. ಮುಂದಿನ ಕಮಿಟಿ ಮೀಟಿಂಗಿನಲ್ಲಿ ಹೊಳಬಸಪ್ಪನವರು ತಮ್ಮ ಅರ್ಜಿಯನ್ನು ಮಾರ್ತಾಂಡರ ಕೈಯಿಂದ ವಾಪಸು ಇಸಿದುಕೊಂಡು ಅದರ ಮೇಲೆ "ಧಾರ್ಮಿಕ" ಎಂದು ದಪ್ಪಗೆ ಬರೆದರು. ಆಮೇಲೆ ಅದನ್ನು ಶೈಲಾಳ ಅರ್ಜಿಯ ಕೆಳಗೆ ಇಟ್ಟರು.

"ಮೊದಲು ಬಂದದ್ದು ಮೊದಲು," ಎಂದರು. "ಶೈಲಾಳ ಅರ್ಜಿ ತೀರ್ಮಾನವಾಗುವವರೆಗೆ ಅದರ ಹಿಂದಿನ ಯಾವ ಅರ್ಜಿಗೂ ನನ್ನ ಸಹಿ ಇಲ್ಲ. ನನ್ನದೂ ಸೇರಿ."

"ಹಾಗಿದ್ದರೆ ಅವಳದನ್ನು ತಿರಸ್ಕರಿಸೋಣ," ಎಂದರು ಮಾರ್ತಾಂಡರು, ಸ್ವಲ್ಪ ಸಿಟ್ಟಿನಿಂದ.

"ತಿರಸ್ಕರಿಸಿ. ಕಾರಣ ಬರೆದು ಸಹಿ ಹಾಕಿ."

ಮಾರ್ತಾಂಡರು ಪೆನ್ನು ತೆಗೆದರು. ಏನು ಬರೆಯಬೇಕು? ಹಾಡುತ್ತಾರೆ ಎಂದೇ? ಶಿರೂರಿನಿಂದ ಬರುತ್ತಾರೆ ಎಂದೇ? ಮನಸ್ಸಿನಲ್ಲಿದ್ದ ಕಾರಣ ಎಲ್ಲರಿಗೂ ಗೊತ್ತಿತ್ತು, ಅದನ್ನು ಕಾಗದದ ಮೇಲೆ ತಮ್ಮ ಹೆಸರಿನ ಪಕ್ಕ ಬರೆಯಲು ಯಾರಿಗೂ ಮನಸ್ಸಿರಲಿಲ್ಲ. ಪೆನ್ನು ಮತ್ತೆ ಜೇಬಿಗೆ ಹೋಯಿತು.

ಶ್ರಾವಣ ಶುರುವಾಯಿತು. ಪುಣೆಯ ಶ್ರಾವಣ ಗೊತ್ತಲ್ಲ, ದಿನಕ್ಕೊಂದು ಪೂಜೆ. ಮೂರನೆಯ ಮಹಡಿಯ ಹೊಸ ಮದುಮಗಳ ಮಂಗಳಾಗೌರಿ: ಹೊರಗಿನ ಮುತ್ತೈದೆಯರು ಬರುವವರು, ಅರ್ಜಿ ಕೊಡಿ, ಸಾಲಿನಲ್ಲಿ ನಿಲ್ಲಿ. ಐದನೆಯ ಮಹಡಿಯ ಸತ್ಯನಾರಾಯಣ: ಪುರೋಹಿತರು ಎಲ್ಲಿಯವರು? ಕೋಥರೂಡಿನವರೇ? ಹಾಗಾದರೆ ಹೊರಗಿನವರು. ಮೇಲಿನ ಮಹಡಿಯ ಬಂಗಾಲಿ ಜೋಡಿ ಗೃಹಪ್ರವೇಶದ ಹೋಮಕ್ಕೆ ಕಾದು ಕೂತಿತು. ಹೊಳಬಸಪ್ಪನವರು ಯಾರಿಗೂ ಇಲ್ಲ ಎನ್ನಲಿಲ್ಲ. ಎಲ್ಲರಿಗೂ ನಗುಮೊಗದಿಂದ "ವಿಚಾರಾಧೀನ" ಎಂದರು. ಎಲ್ಲ ಧರ್ಮದವರೂ, ಎಲ್ಲ ಜಾತಿಯವರೂ, ಎಲ್ಲ ಮಹಡಿಯವರೂ ಸಮಾನವಾಗಿ ಅವರಿಗೆ ಹಿಡಿಶಾಪ ಹಾಕತೊಡಗಿದರು. ಬಿ ಬಿಲ್ಡಿಂಗಿನಲ್ಲಿ ಅಂಥ ಸಮಾನತೆ ಹಿಂದೆಂದೂ ಇರಲಿಲ್ಲ.

ನಗುವುದಕ್ಕೆ ನಮಗೆ ಸುಲಭ. ಅವರ ಮನೆಯಲ್ಲಿ ಪೂರ್ವಾ ಮಾತು ಬಿಟ್ಟಿದ್ದಳು. ಅಳಿಯನ ಕಡೆಯವರು ದಿನಾ ಫೋನು ಮಾಡಿ ದಿನ ಗಟ್ಟಿಯೋ ಇಲ್ಲವೋ ಎಂದು ಕೇಳುತ್ತಿದ್ದರು. ಅಯ್ಯನವರು ಬೇರೆ ಕಡೆ ಒಪ್ಪಿಕೊಳ್ಳುತ್ತೇನೆ ಎಂದರು. ಒಂದು ಬೆಳಿಗ್ಗೆ ನಾನು ಹೋದಾಗ ಪೂರ್ವಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅಳುತ್ತಿದ್ದಳು.

"ಅಪ್ಪಾ, ಸಣ್ಣಾಕಿ ಇದ್ದಾಗಿಂದ ನೋಡೀನಿ, ನಿಮ್ಮ ಯೂನಿಯನ್ ನಮ್ಮ ಊಟದ ತಾಟಿನ ತನಕ ಬರ್ತಿತ್ತು. ಈಗ ನನ್ನ ಮಗಳ ತೊಟ್ಟಲಕ್ಕೂ ಬಂತೇನ್ರಿ?"

ಹೊಳಬಸಪ್ಪನವರು ಕೂಸಿನ ಬೆರಳನ್ನು ತಮ್ಮ ಬೆರಳಿಗೆ ಸುತ್ತಿಕೊಂಡು ಕೂತರು. ಈ ಮೊಮ್ಮಗಳಿಗಾಗಿ ಅವರು ಎಷ್ಟು ದಿನದಿಂದ ಕಾದಿದ್ದರೆಂದು ನನಗೆ ಗೊತ್ತು.

ಗಣಪತಿ ಹತ್ತಿರ ಬಂದಂತೆ ಮಾರ್ತಾಂಡರಿಗೆ ಚಡಪಡಿಕೆ ಶುರುವಾಯಿತು. ಕುಲಕರ್ಣಿಯವರ ಮನೆಯ ಗೌರಿ-ಗಣಪತಿಗೆ ಸಾತಾರೆಯಿಂದ ನಾಶಿಕದವರೆಗಿನ ಇಡೀ ಬಳಗ ಬರುತ್ತದೆ, ಅದೂ ತಲೆಮಾರುಗಳಿಂದ. ಸಾಲಿನಲ್ಲಿ ಅವರ ಅರ್ಜಿ ಎಲ್ಲೋ ಕೊನೆಯಲ್ಲಿತ್ತು. ಒಂದು ಸಂಜೆ ನಾನು ಅಲ್ಲಿದ್ದಾಗ ಅವರೇ ಪೇಢೆಯ ಡಬ್ಬಿ ಹಿಡಿದು ಹೊಳಬಸಪ್ಪನವರ ಮನೆಗೆ ಬಂದರು. ಶಿವಗಂಗವ್ವ ಎದುರು ಮನೆಯ ಶೈಲಾಳನ್ನೂ ಕರೆದು ಕೂರಿಸಿದಳು.

"ಕಾಕಾ, ಶೈಲಾತಾಯಿಯ ಅರ್ಜಿ ಪಾಸು. ನಿಮ್ಮದೂ ಪಾಸು. ನಮ್ಮೆಲ್ಲರದೂ ಪಾಸು. ಮುಗಿಸಿಬಿಡಿ," ಎಂದರು.

ಪೂರ್ವಾ ಒಳಗಿನಿಂದ ಇಣುಕಿದಳು. ಹೊಳಬಸಪ್ಪನವರು ಎಲ್ಲ ಬಿಟ್ಟು ಹೂಂ ಎಂದುಬಿಟ್ಟಿದ್ದರೆ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ನನಗೂ ಹೂಂ ಎನ್ನಲಿ ಅನ್ನಿಸಿತ್ತು. ಅವರು ಶೈಲಾಳ ಕಡೆ ತಿರುಗಿದರು.

"ಈ ವರ್ಷ ನಾನು ಕುರ್ಚಿಯಲ್ಲಿದ್ದೇನೆ, ನನ್ನ 'ಪಾಸು' ಸಿಗುತ್ತದೆ. ಮುಂದಿನ ವರ್ಷ ಇನ್ನೊಬ್ಬರು. ಆಗ ಮತ್ತೆ ಕೈ ಕಟ್ಟಿ ನಿಲ್ಲಬೇಕು. ಏನಮ್ಮಾ, ನಾಳೆಯೇ ಹಾಡು ಬೇಕೋ, ಕೇಳುವುದೇ ಬೇಡ ಅಂತಾಗಬೇಕೋ?" ಎಂದು ಮರಾಠಿಯಲ್ಲಿ ಕೇಳಿದರು.

ಶೈಲಾ ಸೆರಗಿನ ಅಂಚು ತಿರುವಿದಳು. "ಆಯಿ ಇನ್ನೊಂದು ರವಿವಾರ ಸೀರೆ ಉಟ್ಟು ಕಾಯುತ್ತಾಳೆ ಕಾಕಾ," ಎಂದಳು. "ಆದರೆ ಪ್ರತಿ ವರ್ಷ ಅರ್ಜಿ ಬರೆಯೋದು ನನ್ನಿಂದಾಗದು."

ಮುಂದಿನ ರವಿವಾರ ಪಾರ್ಕಿಂಗಿನಲ್ಲಿ ಬಿ ಬಿಲ್ಡಿಂಗಿನ ವಿಶೇಷ ಸಭೆ ಸೇರಿತು. ಪರರಾಜ್ಯದವಳಾದ ನಾನೂ ಒಂದು ಸ್ಕೂಟರಿನ ಹಿಂದೆ ನಿಂತು ನೋಡಿದೆ. ಹೊಳಬಸಪ್ಪನವರ ಆ ದಿನದ ಮಾತು ಚಿಕ್ಕದಾಗಿತ್ತು, ಅವರ ಮಟ್ಟಿಗೆ ಅದೇ ದಾಖಲೆ.

"ಫೆಡರೇಶನ್ ಕೈಯಲ್ಲಿ ಈ ಅಧಿಕಾರ ಇದ್ದಾಗ ನಾನು ಜಗಳಾಡಿ ಕಿತ್ತು ತಂದೆ. ತಂದು ನಮ್ಮ ಕೈಯಲ್ಲಿಟ್ಟುಕೊಂಡೆ. ನಮ್ಮವರ ಕೈಯಲ್ಲಿದ್ದರೆ ಚೆನ್ನಾಗಿರುತ್ತದೆ ಅಂದುಕೊಂಡಿದ್ದೆ. ಅದು ಯಾರ ಕೈಯಲ್ಲೂ ಇರಬಾರದ ವಸ್ತು. ಗದ್ದಲ ಹೆಚ್ಚಾದರೆ ಗದ್ದಲಕ್ಕೆ ನಿಯಮ ಮಾಡಿ, ಅದು ಎಲ್ಲರಿಗೂ ಒಂದೇ. ಹೊಸ್ತಿಲ ಒಳಗಿನ ಪ್ರಾರ್ಥನೆ ಬಿಲ್ಡಿಂಗಿನ ಪಟ್ಟಿಯಲ್ಲೂ ಬೇಡ, ಫೆಡರೇಶನ್ನಿನ ಪಟ್ಟಿಯಲ್ಲೂ ಬೇಡ."

ಮೊದಲು ಕೈ ಎತ್ತಿದವಳು ಮಂಗಳಾಗೌರಿ ತಪ್ಪಿಹೋಗಿದ್ದ ಮದುಮಗಳು. ಮಾರ್ತಾಂಡರು ಎತ್ತಿದ್ದು ಕೊನೆಯಲ್ಲಿ, ಗಣಪತಿಯನ್ನು ನೆನೆದು. ಎಲ್ಲರೂ ಎತ್ತಿದರು. ತತ್ವಕ್ಕಾಗಿ ಎಷ್ಟು ಜನ, ಬೇಸತ್ತು ಎಷ್ಟು ಜನ ಎಂದು ನಾನು ಕೇಳಲು ಹೋಗಲಿಲ್ಲ. ಋಷಿಕೇಶ ಒಪ್ಪಂದಕ್ಕೆ ಹೊಸ ವಾಕ್ಯ ಸೇರಿಸಿ, ಈ ಸಲ ತಾನೇ ಹಟ ಹಿಡಿದು "ಯಾವುದೇ ಪರಿಸ್ಥಿತಿಯಲ್ಲೂ" ಎಂದು ಬರೆದ.

ಶ್ರಾವಣದ ಕಡೆಯ ಸೋಮವಾರ ಕೂಸಿಗೆ ಲಿಂಗಧಾರಣೆಯಾಯಿತು. ಶೈಲಾ ಆಯಿಯನ್ನು ಗಾಲಿಕುರ್ಚಿಯಲ್ಲಿ ಕರೆತಂದಳು. ತೊಟ್ಟಿಲು ತೂಗುವಾಗ ಆಯಿ ಚಲಿಸುವ ಒಂದೇ ಕೈಯಲ್ಲಿ ಹಗ್ಗ ಹಿಡಿದಿದ್ದರು. ಪೂರ್ವಾ ಅಪ್ಪನೊಂದಿಗೆ ಮಾತಾಡಿದಳು, ಮೊದಲು ಬೈದು ಆಮೇಲೆ ಅತ್ತು. ಮುಂದಿನ ಚುನಾವಣೆಯಲ್ಲಿ ಹೊಳಬಸಪ್ಪನವರು ಸೋತರೆಂದು ಬೇರೆ ಹೇಳಬೇಕಿಲ್ಲ. ಶ್ರಾವಣವನ್ನು ಜಾಮ್ ಮಾಡಿದವರನ್ನು ಪುಣೆಯ ಜನ ಅಷ್ಟು ಬೇಗ ಕ್ಷಮಿಸುವುದಿಲ್ಲ. ಮಾರ್ತಾಂಡರು ಚೇರ್ಮನ್ ಆದರು, ಚೆನ್ನಾಗಿಯೇ ನಡೆಸುತ್ತಿದ್ದಾರೆ.

ಮೊನ್ನೆ ರವಿವಾರ ನಾನು ಶಿವಗಂಗವ್ವನ ಮನೆಯಲ್ಲಿದ್ದೆ. ಊಟವಾಗಿ ಹೊಳಬಸಪ್ಪನವರು ಅಡ್ಡಾಗಿದ್ದರು. ಎದುರು ಮನೆಯಲ್ಲಿ ಹಾರ್ಮೋನಿಯಂ ಎದ್ದಿತು. ಶಿರೂರಿನಿಂದ ಹೊಸದಾಗಿ ಬರುವ ಒಬ್ಬರ ಗಂಟಲು ಭಾರಿ, ಶ್ರುತಿಗೂ ಅವರಿಗೂ ಹೆಚ್ಚು ಪರಿಚಯವಿಲ್ಲ. ಕೋಣೆಯಲ್ಲಿ ದಿಂಬು ಆ ಕಡೆ ಈ ಕಡೆ ಹೊರಳುವ ಸದ್ದಾಯಿತು. ಕಡೆಗೆ ಹೊಳಬಸಪ್ಪನವರು ಕೆದರಿದ ಕೂದಲಲ್ಲಿ ಹೊರಗೆ ಬಂದರು.

"ಇದು ಭಾಳ ಆತು," ಎಂದರು.

"ಹೌದ್ರಿ. ಅರ್ಜಿ ಬರೀರಿ," ಎಂದಳು ಶಿವಗಂಗವ್ವ ಮೆಂತ್ಯ ಸೋಸುತ್ತ. "ಯಾರಿಗೆ ಬರೀತೀರಿ? ಬಿಲ್ಡಿಂಗಿಗೋ, ದಿಲ್ಲಿಗೋ?"

ಅವರು ಹೆಂಡತಿಯನ್ನು ನೋಡಿದರು, ನನ್ನನ್ನು ನೋಡಿದರು, ಚಪ್ಪಲಿ ಹಾಕಿಕೊಳ್ಳದೆಯೇ ಎದುರು ಮನೆಗೆ ನಡೆದರು. ಬಾಗಿಲು ತೆರೆದೇ ಇತ್ತು. ನಾವಿಬ್ಬರೂ ಹೊಸ್ತಿಲಿಗೆ ಬಂದು ನಿಂತೆವು. ಆಯಿ ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು ದಿಂಬಿಗೆ ಒರಗಿದ್ದರು. ಎಲ್ಲರೂ ಸಾಲು ಮುಗಿಸಿದ ಮೇಲೂ ಆಯಿಯ ಒಡೆದ ದನಿ ಅರ್ಧ ಸಾಲು ಹಿಂದೆ ಉಳಿದು, ಒಂಟಿಯಾಗಿ ಮುಗಿಸುತ್ತಿತ್ತು. ಉಳಿದವರು ಅದಕ್ಕಾಗಿ ಕಾಯುತ್ತಿದ್ದರು. ಹೊಳಬಸಪ್ಪನವರು ಬಾಗಿಲಲ್ಲೇ ನಿಂತುಬಿಟ್ಟರು. ಆಯಿಗೆ ಅವರು ಕಂಡರು.

"ನಿದ್ದೆ ಕೆಟ್ಟಿತೇನೋ?" ಎಂದು ತೊದಲಿ ಕೇಳಿದರು.

ಕಾರ್ಖಾನೆಯಲ್ಲಿ ಅಷ್ಟು ವರ್ಷ ಮ್ಯಾನೇಜರುಗಳ ಮುಂದೆ ಒಂದು ಸುಳ್ಳನ್ನೂ ಹೇಳದ ಡೆಲಿಗೇಟ್, "ಇಲ್ಲ ಆಯಿ, ಎಚ್ಚರವೇ ಇದ್ದೆ, ಕೇಳಲು ಬಂದೆ," ಎಂದರು. ಯಾರೋ ಕುರ್ಚಿ ಸರಿಸಿದರು. ಕೂತರು. ಹಾಡು ಮುಂದುವರಿಯಿತು. ಎರಡನೆಯ ಹಾಡು ಮುಗಿಯುವಷ್ಟರಲ್ಲಿ ಹೊಳಬಸಪ್ಪನವರ ತಲೆ ಎದೆಯ ಮೇಲಿನ ಕರಡಿಗೆಗೆ ತಾಗಿತ್ತು, ಸಣ್ಣಗೆ ಗೊರಕೆ ಹೊರಟಿತ್ತು. ಶಿವಗಂಗವ್ವ ನಾಚಿಕೆಯಿಂದ ಎಬ್ಬಿಸಲು ಹೆಜ್ಜೆ ಮುಂದಿಟ್ಟಳು.

ಆಯಿ ಬೇಡವೆಂದು ತಲೆಯಾಡಿಸಿದರು. ಆಮೇಲೆ ಚಲಿಸುವ ಕೈಯನ್ನು ಎತ್ತಿ, ಹಾರ್ಮೋನಿಯಂನವನ ಕಡೆ ನೋಡಿ, ಸ್ವಲ್ಪ ಸಣ್ಣಗೆ ನುಡಿಸು ಎಂದು ಸನ್ನೆ ಮಾಡಿದರು.